ಮಲೆನಾಡಿನ ಮನೆಯಲ್ಲಿ ಸಾಕು ಇಲಿಗಳಿಗೆ ಸರಿಯಾದ ಆಹಾರ: ಒಂದು ಸಮಗ್ರ ಮಾರ್ಗದರ್ಶಿ

ಇಲಿಗೆ ಏನು ಹಾಕಿದರೂ ತಿನ್ನುತ್ತದೆ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ತಲೆಮಾರುಗಳಿಂದ ಕಣಜವನ್ನೂ ಅಟ್ಟವನ್ನೂ ಇಲಿಗಳಿಂದ ಕಾಯ್ದುಕೊಂಡು ಬಂದ ಜನರಿಗೆ ಹಾಗೆ ಅನಿಸುವುದು ಸಹಜವೇ. ಹಾಗೆಂದು ಎಲ್ಲವನ್ನೂ ತಿನ್ನಬಲ್ಲ ಪ್ರಾಣಿಗೆ ಎಲ್ಲವೂ ಒಗ್ಗುವುದಿಲ್ಲ. ಹಾಸನ, ಚಿಕ್ಕಮಗಳೂರು, ಸಕಲೇಶಪುರ, ಮೂಡಿಗೆರೆಗಳಲ್ಲಿ ಬಿಳಿ, ಕಂದು, ಕಪ್ಪು ತಲೆಯ ಸಾಕು ಇಲಿಗಳನ್ನು ಪ್ರೀತಿಯಿಂದ ಇಟ್ಟುಕೊಂಡವರು ಮೊದಲು ತಿಳಿಯಬೇಕಾದ ಸಂಗತಿ ಒಂದಿದೆ: ಸಿಹಿ, ಎಣ್ಣೆ ಮತ್ತು ಪಿಷ್ಟ ಮುಂದಿದ್ದರೆ ಇಲಿ ಅದನ್ನೇ ಆರಿಸಿಕೊಂಡು ಉಳಿದದ್ದನ್ನು ಬಿಡುತ್ತದೆ. ಆದ್ದರಿಂದ ಆಯ್ಕೆಯನ್ನು ಇಲಿಗೆ ಬಿಡದೆ ಸಾಕುವವರೇ ಮಾಡಬೇಕು. ಎರಡರಿಂದ ಮೂರು ವರ್ಷ ಮಾತ್ರ ಬದುಕುವ ಈ ಪ್ರಾಣಿಗೆ ಕೆಲವು ತಿಂಗಳ ತಪ್ಪು ಊಟವೂ ಬದುಕಿನ ದೊಡ್ಡ ಪಾಲೇ ಆಗಿಬಿಡುತ್ತದೆ.

ಮೊದಲ ಹೆಜ್ಜೆ: ತೂಕ ನೋಡುವುದು

ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ ಆಳವಾದ ಡಬ್ಬಿಯೊಂದನ್ನಿಟ್ಟು, ಸೊನ್ನೆಗೆ ತಂದು, ಇಲಿಯನ್ನು ಅದರೊಳಗೆ ಕೂರಿಸಿದರೆ ತೂಕ ಸಿಗುತ್ತದೆ. ಬೆಳೆದ ಹೆಣ್ಣಿಲಿ ಸಾಮಾನ್ಯವಾಗಿ 250ರಿಂದ 300 ಗ್ರಾಂ, ಗಂಡಿಲಿ 450ರಿಂದ 500 ಗ್ರಾಂ ಆಸುಪಾಸು ತೂಗುತ್ತವೆ. ದೇಹದ ಪ್ರತಿ 100 ಗ್ರಾಂ ತೂಕಕ್ಕೆ ದಿನಕ್ಕೆ 5 ಗ್ರಾಂ ಒಣ ಆಹಾರ ಮತ್ತು 10ರಿಂದ 12 ಮಿಲಿಲೀಟರ್ ನೀರು ಎಂಬುದು ಲೆಕ್ಕ. ಎಂದರೆ 300 ಗ್ರಾಂ ತೂಕದ ಹೆಣ್ಣಿಗೆ ದಿನಕ್ಕೆ 15 ಗ್ರಾಂ ಸಾಕು, 450 ಗ್ರಾಂ ತೂಕದ ಗಂಡಿಗೆ 23 ಗ್ರಾಂ ಒಳಗೇ ಮುಗಿಯುತ್ತದೆ. ಅಂಗೈಯಲ್ಲಿ ಹಾಕಿಕೊಂಡು ನೋಡಿದರೆ ಇದು ತೀರಾ ಕಡಿಮೆ ಎನಿಸುತ್ತದೆ, ಆ ಅನಿಸಿಕೆಯಿಂದಲೇ ಹೆಚ್ಚಿನ ಮನೆಗಳ ಇಲಿಗಳು ದಪ್ಪಗಾಗುವುದು. ಬೊಜ್ಜು ಬಂದ ಇಲಿಗಳಲ್ಲಿ ಅಂಗಾಲಿನ ಹುಣ್ಣು, ಉಸಿರಾಟದ ತೊಂದರೆ ಮತ್ತು ಮೂತ್ರಪಿಂಡದ ಕಾಯಿಲೆ ಬೇಗ ಕಾಣಿಸಿಕೊಳ್ಳುತ್ತವೆ. ಹೆಣ್ಣಿಲಿಗಳಲ್ಲಿ ಸ್ತನದ ಗೆಡ್ಡೆಗಳಿಗೂ ಅತಿಯಾದ ಊಟಕ್ಕೂ ಸಂಬಂಧವಿದೆ.

ವಾರಕ್ಕೊಮ್ಮೆ, ಒಂದೇ ಹೊತ್ತಿನಲ್ಲಿ ತೂಗಿ ಕ್ಯಾಲೆಂಡರಿನಲ್ಲೇ ಬರೆದಿಡುವ ರೂಢಿ ಒಳ್ಳೆಯದು. ತಕ್ಕಡಿಯ ಜೊತೆಗೆ ಬೆರಳನ್ನೂ ಬಳಸಬೇಕು: ಬೆನ್ನು ಸವರಿದಾಗ ಬೆನ್ನುಮೂಳೆ ಮೆಲ್ಲಗೆ ಬೆರಳಿಗೆ ಸಿಗಬೇಕು, ಆದರೆ ಕಣ್ಣಿಗೆ ಎದ್ದು ಕಾಣಬಾರದು.

ಎರಡನೆಯ ಹೆಜ್ಜೆ: ಮುಖ್ಯ ಆಹಾರವನ್ನು ನಿರ್ಧರಿಸುವುದು

ದಿನದ ಊಟದಲ್ಲಿ ಮುಕ್ಕಾಲು ಪಾಲು ಇಲಿಗಳಿಗೆಂದೇ ತಯಾರಿಸಿದ ಪೆಲೆಟ್ ಇರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಪೆಲೆಟ್‌ನ ಪ್ರತಿ ತುಂಡಿನಲ್ಲೂ ಧಾನ್ಯ, ಪ್ರೋಟೀನು, ಜೀವಸತ್ವ, ಖನಿಜಗಳು ಒಂದೇ ಪ್ರಮಾಣದಲ್ಲಿ ಬೆರೆತಿರುವುದರಿಂದ ಆರಿಸಿ ತಿನ್ನುವುದಕ್ಕೆ ಅವಕಾಶವೇ ಇಲ್ಲ. ಇಲಿ ಪೆಲೆಟ್ ತಿನ್ನುವುದನ್ನು ಹತ್ತಿರದಿಂದ ನೋಡಿ. ಹಿಂಗಾಲ ಮೇಲೆ ಕುಳಿತು, ಎರಡೂ ಮುಂಗೈಗಳಲ್ಲಿ ತುಂಡನ್ನು ಹಿಡಿದು, ಒಂದು ಸುತ್ತು ತಿರುಗಿಸಿ ಮೂಲೆಯೊಂದನ್ನು ಹುಡುಕಿಕೊಂಡು, ಅಲ್ಲಿಂದ ಸಣ್ಣಗೆ ಕೆರೆಯುತ್ತ ಹೋಗುತ್ತದೆ. ಕೆಳಗೆ ಉದುರಿದ ಪುಡಿಯನ್ನು ಆಮೇಲೆ ಬಂದು ಮುಗಿಸುತ್ತದೆ. ಅದೇ ಇಲಿಗೆ ಬಣ್ಣಬಣ್ಣದ ಕಾಳಿನ ಮಿಶ್ರಣ ಹಾಕಿದರೆ ಬೆಳಿಗ್ಗೆ ಬಟ್ಟಲಲ್ಲಿ ಸೂರ್ಯಕಾಂತಿ ಸಿಪ್ಪೆಗಳು ಮತ್ತು ಮುಟ್ಟದೆ ಬಿಟ್ಟ ಹಸಿರು ತುಂಡುಗಳು ಉಳಿದಿರುತ್ತವೆ. ಪೋಷಕಾಂಶ ಬೆರೆಸಿದ್ದು ಆ ಹಸಿರು ತುಂಡುಗಳಲ್ಲೇ.

ನಮ್ಮ ಊರುಗಳ ಅಂಗಡಿಗಳಲ್ಲಿ ಕೇಳಿದರೆ ಕೈಗೆ ಬರುವುದು ಹೆಚ್ಚಾಗಿ ಹ್ಯಾಮ್‌ಸ್ಟರ್ ಅಥವಾ ಮೊಲದ ಆಹಾರ. ಹ್ಯಾಮ್‌ಸ್ಟರ್ ಮಿಶ್ರಣದಲ್ಲಿ ಎಣ್ಣೆಕಾಳು ಹೆಚ್ಚು. ಮೊಲದ ಪೆಲೆಟ್ ಹುಲ್ಲಿನಿಂದ ಮಾಡಿದ್ದು, ಅಷ್ಟೊಂದು ನಾರನ್ನು ಜೀರ್ಣಿಸಿಕೊಳ್ಳುವ ಶಕ್ತಿ ಇಲಿಗೆ ಇಲ್ಲ. ಆದ್ದರಿಂದ ಬೆಂಗಳೂರಿನಿಂದಲೋ ಆನ್‌ಲೈನ್ ಮೂಲಕವೋ ಇಲಿಯ ಪೆಲೆಟ್ಟನ್ನೇ ತರಿಸುವುದು ಲೇಸು. ಚೀಲದ ಹಿಂಬದಿಯ ಚೀಟಿಯಲ್ಲಿ ಬೆಳೆದ ಇಲಿಗಳಿಗೆ ಪ್ರೋಟೀನು ಶೇಕಡಾ 14ರಿಂದ 16, ಕೊಬ್ಬು ಶೇಕಡಾ 4ರಿಂದ 6 ಇದೆಯೇ ಎಂದು ನೋಡಬೇಕು. ಮರಿಗಳಿಗೆ ಮತ್ತು ಬಸಿರಾದ ಹೆಣ್ಣಿಗೆ ಪ್ರೋಟೀನು ಶೇಕಡಾ 18ರಿಂದ 20 ಇರಬೇಕು. ತಯಾರಾದ ದಿನಾಂಕವನ್ನು ತಪ್ಪದೆ ಓದಿ, ಆರು ತಿಂಗಳು ದಾಟಿದ ಚೀಲವನ್ನು ರಿಯಾಯಿತಿಯಲ್ಲಿ ಕೊಟ್ಟರೂ ಬೇಡವೆನ್ನಿ.

ಹಳೆಯ ಆಹಾರದಿಂದ ಹೊಸದಕ್ಕೆ ಒಂದೇ ದಿನದಲ್ಲಿ ಬದಲಾಯಿಸಬಾರದು. ಹೊಸ ತಿಂಡಿಯನ್ನು ಅನುಮಾನದಿಂದ ನೋಡುವುದು ಇಲಿಯ ಹುಟ್ಟುಗುಣ. ಕಾಲು ಪಾಲು ಹೊಸದು, ಮುಕ್ಕಾಲು ಪಾಲು ಹಳೆಯದು ಎಂದು ಆರಂಭಿಸಿ ಒಂದು ವಾರದಿಂದ ಹತ್ತು ದಿನಗಳಲ್ಲಿ ಪೂರ್ತಿ ಬದಲಾಯಿಸಿದರೆ ಹೊಟ್ಟೆಯೂ ಕೆಡುವುದಿಲ್ಲ, ಉಪವಾಸವೂ ಬೀಳುವುದಿಲ್ಲ.

ಪೆಲೆಟ್ ತೀರಿದಾಗ ಮನೆಯ ಧಾನ್ಯದಿಂದ

ಮಳೆಗಾಲದಲ್ಲಿ ಪಾರ್ಸೆಲ್ ತಡವಾಗುವುದು ನಮ್ಮ ಕಡೆ ಹೊಸದೇನಲ್ಲ. ಅಂಥ ದಿನಗಳಿಗೆ ಮನೆಯ ಸಾಮಗ್ರಿಯಿಂದಲೇ ಊಟ ಸಿದ್ಧಪಡಿಸಬಹುದು. ಎರಡು ಹೆಣ್ಣಿಲಿಗಳ ಒಂದು ದಿನದ 30 ಗ್ರಾಂ ಒಣ ಸಾಮಗ್ರಿಗೆ ಗೋಧಿ ನುಚ್ಚು 11 ಗ್ರಾಂ, ರಾಗಿ 7 ಗ್ರಾಂ, ನವಣೆ ಅಥವಾ ಜೋಳ 5 ಗ್ರಾಂ, ಹೆಸರುಬೇಳೆ ಅಥವಾ ತೊಗರಿಬೇಳೆ 7 ಗ್ರಾಂ ತೆಗೆದುಕೊಳ್ಳಿ. ಉಪ್ಪು, ಎಣ್ಣೆ, ಒಗ್ಗರಣೆ ಯಾವುದೂ ಇಲ್ಲದೆ ಕುಕ್ಕರಿನಲ್ಲಿ ಗಟ್ಟಿಯಾಗಿ ಬೇಯಿಸಿ, ಆರಿದ ಮೇಲೆ ಉಗುರುದ್ದ ಬೆಂದ ಮೊಟ್ಟೆಯ ತುಂಡನ್ನು ಹಿಸುಕಿ ಬೆರೆಸಿ. ಬೆಂದ ಊಟದ ತೂಕ ನೀರಿನಿಂದ ಎರಡು ಮೂರು ಪಟ್ಟು ಆಗುವುದರಿಂದ ಅಳತೆಯನ್ನು ಒಣ ಸಾಮಗ್ರಿಯ ಮೇಲೆಯೇ ಇಡಬೇಕು.

ಇಲ್ಲಿ ರಾಗಿಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಧಾನ್ಯಗಳಲ್ಲಿ ಸಾಮಾನ್ಯವಾಗಿ ರಂಜಕ ಹೆಚ್ಚು, ಸುಣ್ಣದ ಅಂಶ ಕಡಿಮೆ. ಬರೀ ಧಾನ್ಯದ ಮೇಲೆ ಬೆಳೆದ ಇಲಿಯ ಮೂಳೆ ದುರ್ಬಲವಾಗುವುದು ಇದರಿಂದಲೇ. ರಾಗಿಯೊಂದು ಇದಕ್ಕೆ ಹೊರತು. ಅದರ 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು ಮಾತ್ರ. ಕಡೂರು, ಅರಸೀಕೆರೆ ಕಡೆಯ ಮನೆಗಳಲ್ಲಿ ರಾಗಿ ಇದ್ದೇ ಇರುತ್ತದೆ, ಮಲೆನಾಡಿನ ಅಕ್ಕಿ ತಿನ್ನುವ ಮನೆಗಳವರು ಇಲಿಗಾಗಿಯಾದರೂ ಅರ್ಧ ಕಿಲೋ ತಂದಿಟ್ಟುಕೊಳ್ಳಬೇಕು. ಮಿಕ್ಕ ಕಡುಬು, ಅಕ್ಕಿ ರೊಟ್ಟಿ, ಒತ್ತು ಶಾವಿಗೆಗಳನ್ನು ದಿನವೂ ಹಾಕಿ ಇಲಿಯ ಹೊಟ್ಟೆ ತುಂಬಿಸಬಹುದು, ಮೈ ತುಂಬಿಸಲಾಗದು. ಅವುಗಳಲ್ಲಿ ಉಪ್ಪೂ ಇರುತ್ತದೆ.

ಈ ಬೇಯಿಸಿದ ಊಟ ಒಂದೆರಡು ವಾರದ ವ್ಯವಸ್ಥೆ ಮಾತ್ರ. ಸಸ್ಯಾಹಾರದ ಮನೆಗಳಲ್ಲಿ ಮೊಟ್ಟೆಯನ್ನೂ ಕೈಬಿಟ್ಟರೆ ಬಿ12 ಜೀವಸತ್ವ ಸಿಗುವ ದಾರಿ ಕಡಿಮೆ, ಬಿಸಿಲು ಕಾಣದ ಆಷಾಢ ಶ್ರಾವಣಗಳಲ್ಲಿ ಒಳಗೇ ಇರುವ ಇಲಿಗೆ ಡಿ ಜೀವಸತ್ವವೂ ಆಹಾರದಿಂದಲೇ ಬರಬೇಕು. ಪೆಲೆಟ್ ಬಂದ ಕೂಡಲೇ ಅದಕ್ಕೆ ಮರಳಿ. ಸಿ ಜೀವಸತ್ವದ ಹನಿಗಳನ್ನು ಮಾತ್ರ ಯಾರಾದರೂ ಹೇಳಿದರೆಂದು ಕೊಳ್ಳುವ ಅಗತ್ಯವಿಲ್ಲ, ಇಲಿಯ ದೇಹ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ.

ಮೂರನೆಯ ಹೆಜ್ಜೆ: ತರಕಾರಿ, ಸೊಪ್ಪು, ಹಣ್ಣು

ಪ್ರತಿ ಇಲಿಗೆ ದಿನಕ್ಕೆ ಒಂದು ದೊಡ್ಡ ಚಮಚದಷ್ಟು ಹೆಚ್ಚಿದ ತರಕಾರಿ ಸಾಕು. ಸೀಮೆಬದನೆ, ಸೌತೆಕಾಯಿ, ಕ್ಯಾರೆಟ್, ಸಿಹಿಗುಂಬಳ, ಬೀನ್ಸ್ (ಬೇಯಿಸಿದ್ದು), ಬ್ರೊಕೊಲಿ, ಹಸಿ ಬಟಾಣಿ, ಕೊತ್ತಂಬರಿ, ಮೆಂತ್ಯ ಸೊಪ್ಪು ಎಲ್ಲವೂ ಆಗುತ್ತವೆ. ಪಾಲಕ್ ಮತ್ತು ದಂಟಿನಂಥ ಸೊಪ್ಪುಗಳಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ಅವು ವಾರಕ್ಕೊಮ್ಮೆ ಸಾಕು. ಎಲೆಕೋಸು ಹೆಚ್ಚಾದರೆ ಹೊಟ್ಟೆ ಉಬ್ಬುತ್ತದೆ. ಹಣ್ಣುಗಳಲ್ಲಿ ಸಕ್ಕರೆ ಹೆಚ್ಚಿರುವ ಕಾರಣ ಬಾಳೆ, ಬೀಜ ತೆಗೆದ ಸೇಬು, ಪಪ್ಪಾಯಿ, ಸೀಬೆಗಳನ್ನು ಹೆಬ್ಬೆರಳ ಉಗುರಿನಷ್ಟು, ವಾರಕ್ಕೆ ಎರಡು ಮೂರು ಸಲ ಕೊಡಿ.

ತೋಟದ ಅಂಚಿನಿಂದ ಕಿತ್ತು ತಂದ ಸೊಪ್ಪಿನ ವಿಷಯದಲ್ಲಿ ಎಚ್ಚರ ಬೇಕು. ಕಾಫಿ, ಮೆಣಸು, ಶುಂಠಿ ಬೆಳೆಯುವಲ್ಲಿ ಔಷಧಿ ಸಿಂಪಡಣೆ ನಡೆಯುತ್ತದೆ. ಎಂದು, ಏನು ಹೊಡೆದಿದ್ದಾರೆಂದು ಗೊತ್ತಿಲ್ಲದ ಜಾಗದ ಒಂದೆಲೆಯನ್ನೂ ಪಂಜರಕ್ಕೆ ಹಾಕಬಾರದು. ಸಂತೆಯಿಂದ ತಂದದ್ದನ್ನೂ ಎರಡು ಮೂರು ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಆರಿಸಿ ಕೊಡಿ.

ಪ್ರೋಟೀನು ಮತ್ತು ಬಾಯಿರುಚಿಯ ತಿನಿಸು

ಪೆಲೆಟ್ ತಿನ್ನುವ ಬೆಳೆದ ಇಲಿಗೆ ವಾರಕ್ಕೆ ಒಂದೆರಡು ಸಲ ಬೆಂದ ಮೊಟ್ಟೆಯ ಚೂರು, ಉಪ್ಪಿಲ್ಲದ ಬೆಂದ ಕೋಳಿ ಅಥವಾ ಮೀನು, ಇಲ್ಲವೇ ಬೆಂದ ಬೇಳೆ ಕೊಟ್ಟರೆ ಹೆಚ್ಚಾಯಿತು. ಪ್ರೋಟೀನು ಒಳ್ಳೆಯದೆಂದು ನಾಯಿಯ ತಿಂಡಿಯನ್ನೇ ದಿನವೂ ಹಾಕುವವರಿದ್ದಾರೆ. ವಯಸ್ಸಾಗುತ್ತ ಬಂದಂತೆ ಇಲಿಯ ಮೂತ್ರಪಿಂಡ ತಾನಾಗಿ ಸೋಲುವ ಪ್ರವೃತ್ತಿ ಹೊಂದಿದ್ದು, ವಿಶೇಷವಾಗಿ ಗಂಡಿಲಿಗಳಲ್ಲಿ ಅತಿಯಾದ ಪ್ರೋಟೀನು ಅದನ್ನು ಬೇಗನೆ ಹದಗೆಡಿಸುತ್ತದೆ. ಸೂರ್ಯಕಾಂತಿ ಬೀಜ ದಿನಕ್ಕೆ ಎರಡು ಮೂರು ಕಾಳು, ಕೊಬ್ಬರಿ ಚೂರು ಎಂದಾದರೊಮ್ಮೆ. ಕಡಲೆಕಾಯಿ ಬೆಣ್ಣೆ, ಅಂಟುವ ಬೆಲ್ಲ, ಮೆತ್ತನೆಯ ಬ್ರೆಡ್ಡಿನ ಉಂಡೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ, ಅವನ್ನು ಕೊಡಬೇಡಿ.

ನಾಲ್ಕನೆಯ ಹೆಜ್ಜೆ: ಕೊಡಲೇಬಾರದ ವಸ್ತುಗಳು

ಇಲಿಗೆ ವಾಂತಿ ಮಾಡಿಕೊಳ್ಳಲು ಬಾರದು. ಬಾಯಿಂದ ಒಳಗೆ ಹೋದ ವಿಷ ಹಿಂದಿರುಗುವ ದಾರಿಯಿಲ್ಲ ಎಂಬ ಈ ಒಂದು ಕಾರಣದಿಂದಲೇ ಸಾಕುವವರು ಪಂಜರದ ಬಾಗಿಲಲ್ಲಿ ಕಾವಲಿರಬೇಕಾಗುತ್ತದೆ. ನಮ್ಮ ಭಾಗದ ಅಡುಗೆಮನೆಯಲ್ಲಿ ಸಿಗುವ, ಆದರೆ ಬೇರೆ ಊರಿನ ಪಟ್ಟಿಗಳಲ್ಲಿ ಕಾಣದ ಕೆಲವು ವಸ್ತುಗಳನ್ನು ಮೊದಲು ಹೇಳುತ್ತೇನೆ.

ಮಳೆಗಾಲದ ಕಳಲೆ ಹಸಿಯಾಗಿದ್ದಾಗ ಸಯನೈಡ್ ಬಿಡುಗಡೆ ಮಾಡುವ ಅಂಶವನ್ನು ಹೊಂದಿರುತ್ತದೆ. ನಾವೇ ಅದನ್ನು ನೀರು ಬದಲಾಯಿಸಿ ನೆನೆಸಿ ತಿನ್ನುವುದು ಅದಕ್ಕಾಗಿ. ಹಸಿ ಮರಗೆಣಸಿನದೂ ಇದೇ ಕಥೆ. ಕೆಸುವಿನ ಎಲೆಯಲ್ಲಿ ಸೂಜಿಯಂಥ ಹರಳುಗಳಿದ್ದು ಬಾಯಿ, ಗಂಟಲು ಊದಿಕೊಳ್ಳುತ್ತವೆ. ಹಾಸನದ ಕಡೆ ಮನೆಮನೆಯಲ್ಲೂ ಇರುವ ಆಲೂಗಡ್ಡೆ ಬೇಯಿಸಿದರೆ ಸರಿ, ಆದರೆ ಹಸಿರು ತಿರುಗಿದ ಭಾಗ ಮತ್ತು ಮೊಳಕೆಯಲ್ಲಿ ಸೊಲನೈನ್ ಎಂಬ ವಿಷ ಸೇರಿರುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ. ಅವರೆಕಾಯಿಯ ಕಾಲದಲ್ಲಿ ಸುಲಿಯುತ್ತ ಕುಳಿತಾಗ ಪಕ್ಕದಲ್ಲಿ ಆಡುತ್ತಿರುವ ಇಲಿಗೆ ಒಂದು ಹಸಿ ಕಾಳು ಕೊಡಬೇಕೆನಿಸುವುದು ಸಹಜ. ಅವರೆ, ಅಲಸಂದೆ, ರಾಜ್ಮಾ ಯಾವುದನ್ನೂ ಚೆನ್ನಾಗಿ ಬೇಯಿಸದೆ ಕೊಡಬಾರದು. ಒಣ ರಾಜ್ಮಾವನ್ನು ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷ ಜೋರಾಗಿ ಕುದಿಸಿದ ಮೇಲಷ್ಟೇ ಅದರ ವಿಷ ನಾಶವಾಗುತ್ತದೆ. ತೋಟದ ಬೆಣ್ಣೆಹಣ್ಣಿನ ಸಿಪ್ಪೆ ಮತ್ತು ಬೀಜ ಅಪಾಯಕಾರಿ, ತಿರುಳಿನಲ್ಲಿ ಬೊಜ್ಜು ಬರಿಸುವಷ್ಟು ಕೊಬ್ಬಿರುವುದರಿಂದ ಇಡೀ ಹಣ್ಣನ್ನೇ ದೂರವಿಡುವುದು ನನಗೆ ಸರಿಯೆನಿಸುತ್ತದೆ. ಕಾಫಿ ಹಣ್ಣು, ಬೀಜ, ಪುಡಿ, ಸೋಸಿದ ಚರಟ ಎಲ್ಲದರಲ್ಲೂ ಕೆಫೀನ್ ಇದೆ. ಅಡಿಕೆಯೂ ಬೇಡ. ಮಳೆಗೆ ಏಳುವ ಕಾಡಣಬೆಯಂತೂ ಬೇಡವೇ ಬೇಡ.

ಕಿತ್ತಳೆಯ ವಿಷಯ ಗಂಡಿಲಿಗಳಿಗೆ ಸಂಬಂಧಿಸಿದ್ದು. ಸಿಪ್ಪೆಯ ಎಣ್ಣೆಯಲ್ಲಿರುವ ಲಿಮೊನೀನ್ ಗಂಡಿಲಿಯ ದೇಹದಲ್ಲಿ ಮಾತ್ರ ಉತ್ಪತ್ತಿಯಾಗುವ ಒಂದು ಪ್ರೋಟೀನಿಗೆ ಅಂಟಿಕೊಂಡು ಮೂತ್ರಪಿಂಡವನ್ನು ಹಾಳುಮಾಡುತ್ತದೆ; ಹೆಣ್ಣಿಲಿಗಳಲ್ಲಿ ಹೀಗಾಗುವುದಿಲ್ಲ. ಸೋಡಾ, ಕೋಲಾಗಳ ಗಾಳಿಯನ್ನು ಇಲಿ ತೇಗಿ ಹೊರಹಾಕಲಾರದು. ಚಾಕೊಲೇಟ್, ಮದ್ಯ, ಉಪ್ಪಿನಕಾಯಿ, ಖಾರದ ಕುರುಕಲುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ.

ಐದನೆಯ ಹೆಜ್ಜೆ: ಬೂಷ್ಟಿನಿಂದ ಕಾಪಾಡುವುದು

ಮಲೆನಾಡಿನಲ್ಲಿ ಇಲಿ ಸಾಕುವವರು ಅತ್ಯಂತ ಹೆಚ್ಚು ಶ್ರಮ ಹಾಕಬೇಕಾದದ್ದು ಇಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಮೂಡಿಗೆರೆ, ಕೊಪ್ಪ, ಶೃಂಗೇರಿಗಳಲ್ಲಿ ಗೋಡೆ, ಚಪ್ಪಲಿ, ಪುಸ್ತಕಗಳೇ ಬೂಷ್ಟು ಹಿಡಿಯುವಾಗ ಕಾಳಿನ ಡಬ್ಬಿ ಉಳಿಯುವುದು ಕಷ್ಟ. ಕಡಲೆಕಾಯಿ, ಮೆಕ್ಕೆಜೋಳ, ಕೊಬ್ಬರಿಗಳ ಮೇಲೆ ಬೆಳೆಯುವ ಆಸ್ಪರ್‌ಜಿಲ್ಲಸ್ ಜಾತಿಯ ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತವೆ. ಅದು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ, ಇಲಿಗಳಲ್ಲಂತೂ ಬಹಳ ಅಲ್ಪ ಪ್ರಮಾಣದಲ್ಲೇ. ಮನೆಯಲ್ಲಿ ಹುರಿದರೂ ಬೇಯಿಸಿದರೂ ಆ ವಿಷ ಪೂರ್ತಿ ನಾಶವಾಗುವುದಿಲ್ಲ. ಬೂಷ್ಟನ್ನು ಒರೆಸಿ ಬಿಸಿಲಿಗೆ ಹಾಕಿದರೆ ಸರಿಹೋಗುತ್ತದೆಂಬ ನಂಬಿಕೆಯನ್ನು ಬಿಡಲೇಬೇಕು. ಮನುಷ್ಯರಿಗೆ ಬೇಡವಾದ ಮುಗ್ಗಲು ಕಾಳನ್ನು ಇಲಿಗೆ ಹಾಕಿದರಾಯಿತು ಎನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಏಕೆಂದರೆ ಆ ಕಾಳಿನಿಂದ ಮನುಷ್ಯರಿಗಿಂತ ಬೇಗ ಕೆಡುವುದು ಇಲಿಯೇ.

ಆದ್ದರಿಂದ ಒಮ್ಮೆಗೆ ಎರಡು ಮೂರು ವಾರಕ್ಕೆ ಸಾಕಾಗುವಷ್ಟನ್ನು ಮಾತ್ರ ಕೈಗೆಟುಕುವ ಡಬ್ಬಿಯಲ್ಲಿಡಿ. ದೊಡ್ಡ ಚೀಲ ತಂದಿದ್ದರೆ ಉಳಿದದ್ದನ್ನು ಸಣ್ಣ ಪೊಟ್ಟಣಗಳಾಗಿ ಗಾಳಿಯಾಡದಂತೆ ಕಟ್ಟಿ ಫ್ರಿಜ್‌ನಲ್ಲಿಟ್ಟು, ಹೊರತೆಗೆದ ಪೊಟ್ಟಣ ಕೋಣೆಯ ಬಿಸಿಗೆ ಬಂದ ಮೇಲೆಯೇ ಬಿಚ್ಚಿ. ತಣ್ಣಗಿರುವಾಗಲೇ ಬಿಚ್ಚಿದರೆ ಒಳಗೆಲ್ಲ ನೀರಿನ ಪಸೆ ಕೂರುತ್ತದೆ. ಡಬ್ಬಿ ಸ್ಟೀಲಿನದೋ ಗಾಜಿನದೋ ಆಗಿರಲಿ, ಮುಚ್ಚಳ ಬಿಗಿಯಾಗಿರಲಿ, ಒದ್ದೆ ಕೈ ಅದರೊಳಗೆ ಹೋಗದಿರಲಿ. ಕಡಲೆಬೀಜವನ್ನು ಕೊಡುವ ಮೊದಲು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ಸುಕ್ಕಾದದ್ದು, ಕಪ್ಪಿಟ್ಟದ್ದು, ಹಸಿರು ಪುಡಿ ಹತ್ತಿದ್ದು, ಕಚ್ಚಿದರೆ ಕಹಿಯಾದದ್ದು ಎಲ್ಲವನ್ನೂ ಎಸೆಯಿರಿ. ಮೂಸಿದಾಗ ಮುಗ್ಗಲು ವಾಸನೆ ಬಂದರೆ ಇಡೀ ಡಬ್ಬಿಯನ್ನೇ ಖಾಲಿ ಮಾಡಿ ತೊಳೆದು ಒಣಗಿಸಬೇಕು.

ಡಬ್ಬಿ ಬಿಗಿಯಾಗಿರಬೇಕಾದ ಇನ್ನೊಂದು ಕಾರಣ ಹೊರಗಿನ ಇಲಿಗಳು. ಅವುಗಳ ಮೂತ್ರದಿಂದ ಇಲಿ ಜ್ವರದ ರೋಗಾಣು ಹರಡುತ್ತದೆ. ಮನೆಯ ಇಲಿಯ ಆಹಾರವನ್ನು ಗೋಣಿಚೀಲದಲ್ಲಿ ಉಗ್ರಾಣದ ನೆಲದ ಮೇಲಿಟ್ಟರೆ ಸಾಕು ಇಲಿಗೂ, ಅದನ್ನು ಮುಟ್ಟುವ ಮಕ್ಕಳಿಗೂ ರೋಗ ಬರಬಹುದು. ಗದ್ದೆ, ತೋಟ, ಗೋದಾಮಿನ ಇಲಿಗಳಿಗಾಗಿ ಪಾಷಾಣ ಇಡುವ ಮನೆಗಳಲ್ಲಿ ಆ ಪಾಷಾಣವನ್ನು ಮುಟ್ಟಿದ ಕೈ, ಬಳಸಿದ ತಟ್ಟೆ, ಉಳಿದ ಹಿಟ್ಟು ಯಾವುದೂ ಸಾಕು ಇಲಿಯ ಊಟದ ಹತ್ತಿರ ಸುಳಿಯಬಾರದು.

ಆರನೆಯ ಹೆಜ್ಜೆ: ಬಡಿಸುವ ಕ್ರಮ

ಇಲಿ ಸಂಜೆಯ ಮೇಲೆ ಚುರುಕಾಗುವ ಪ್ರಾಣಿ, ಹಾಗಾಗಿ ಮುಖ್ಯ ಊಟ ದೀಪ ಹಚ್ಚುವ ಹೊತ್ತಿಗೆ ಇರಲಿ. ಅಳೆದ ಪೆಲೆಟ್ ಅನ್ನು ಒಂದೇ ಬಟ್ಟಲಿಗೆ ಸುರಿದರೆ ಗುಂಪಿನ ಜೋರಿನ ಇಲಿ ಬಟ್ಟಲನ್ನು ಕಾಯ್ದುಕೊಂಡು ಕುಳಿತು ತಾನು ದಪ್ಪಗಾಗುತ್ತದೆ, ಮೆದು ಸ್ವಭಾವದ್ದು ಸೊರಗುತ್ತದೆ. ಅರ್ಧದಷ್ಟನ್ನು ಪಂಜರದ ತುಂಬ ಚೆಲ್ಲಿ, ಇನ್ನರ್ಧವನ್ನು ಕಾಗದದ ಸುರುಳಿ, ತೆಂಗಿನ ಚಿಪ್ಪು, ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿ. ಹುಡುಕಿ ತಿನ್ನುವಾಗ ಮೈಗೂ ವ್ಯಾಯಾಮ, ಬುದ್ಧಿಗೂ ಕೆಲಸ. ಸದಾ ಬೆಳೆಯುತ್ತಲೇ ಇರುವ ಮುಂಬಾಚಿ ಹಲ್ಲುಗಳಿಗೆ ಗಟ್ಟಿ ಪೆಲೆಟ್ ಮತ್ತು ಔಷಧಿ ಹೊಡೆಯದ ಸೀಬೆ ಕಡ್ಡಿ ಸಾಕು.

ಇಲಿ ತಿಂದದ್ದಕ್ಕಿಂತ ಬಚ್ಚಿಟ್ಟದ್ದು ಹೆಚ್ಚಿರುವ ದಿನಗಳೂ ಉಂಟು. ಬೇಯಿಸಿದ್ದನ್ನು ಎರಡು ಮೂರು ಗಂಟೆಯೊಳಗೆ, ಹಸಿ ತರಕಾರಿಯನ್ನು ಮರುದಿನ ಬೆಳಿಗ್ಗೆ ತೆಗೆದುಹಾಕಿ. ಮಲಗುವ ಮೂಲೆಯ ಗುಡ್ಡೆಯನ್ನು ದಿನವೂ ಕೆದಕಿ ನೋಡಬೇಕು. ಮಳೆಗಾಲದಲ್ಲಿ ಒಂದು ರಾತ್ರಿಯಲ್ಲೇ ಬಟಾಣಿಯ ಮೇಲೆ ಬಿಳಿ ನೂಲು ಕಾಣಿಸಿಕೊಳ್ಳುತ್ತದೆ. ಇಲಿ ತನ್ನ ಹಿಕ್ಕೆಯನ್ನು ತಾನೇ ತಿನ್ನುವುದನ್ನು ಕಂಡು ಗಾಬರಿಯಾಗಬೇಡಿ, ಕರುಳಿನ ಸೂಕ್ಷ್ಮಜೀವಿಗಳು ತಯಾರಿಸಿದ ಕೆಲವು ಜೀವಸತ್ವಗಳನ್ನು ಅದು ಹೀಗೆ ಮರಳಿ ಪಡೆಯುತ್ತದೆ.

ಕುದಿಸಿ ಆರಿಸಿದ ನೀರನ್ನು ದಿನವೂ ಬದಲಾಯಿಸಿ. ಬಾಟಲಿಯ ತುದಿಯ ಗುಂಡು ಸಿಕ್ಕಿಕೊಂಡರೆ ಬಾಟಲಿ ತುಂಬಿದ್ದರೂ ಇಲಿ ಬಾಯಾರಿಯೇ ಇರುತ್ತದೆ, ಆದ್ದರಿಂದ ಪ್ರತಿದಿನ ಬೆರಳಿಂದ ಒತ್ತಿ ಹನಿ ಬರುವುದೇ ಎಂದು ನೋಡಿ.

ವಯಸ್ಸಿಗೆ ತಕ್ಕ ಬದಲಾವಣೆ

ಮರಿಗಳು ಎರಡೂವರೆ ವಾರದ ಹೊತ್ತಿಗೆ ಗಟ್ಟಿ ಆಹಾರವನ್ನು ಕಚ್ಚಿ ನೋಡಲು ಆರಂಭಿಸಿ ಮೂರು ವಾರ ದಾಟಿದ ಮೇಲೆ ಹಾಲು ಬಿಡುತ್ತವೆ. ಮೊದಲ ಕೆಲವು ತಿಂಗಳು ಅವುಗಳಿಗೆ ಅಳತೆ ಹಾಕದೆ ಹೊಟ್ಟೆತುಂಬ ಕೊಡಿ, ಮೊಟ್ಟೆಯನ್ನು ವಾರಕ್ಕೆ ಮೂರು ಸಲ ಕೊಡಬಹುದು. ಬಸಿರು 21ರಿಂದ 23 ದಿನ. ಆ ಅವಧಿಯಲ್ಲೂ ಹಾಲೂಡಿಸುವಾಗಲೂ ತಾಯಿಗೆ ಮರಿಗಳ ಪೆಲೆಟ್ಟನ್ನೇ ಹಾಕಬೇಕು.

ಒಂದೂವರೆ ವರ್ಷ ದಾಟಿದ ಇಲಿಯ ಊಟ ಬೇರೆಯೇ ಆಗಬೇಕು. ಪ್ರೋಟೀನು ಕಡಿಮೆಯಿರುವ ಪೆಲೆಟ್, ಹೆಚ್ಚುವರಿ ಮೊಟ್ಟೆ ಮಾಂಸ ಅಪರೂಪಕ್ಕೆ, ತರಕಾರಿ ಮೊದಲಿನಂತೆಯೇ. ಹಿಂಗಾಲು ಸೋತ ಮುದಿ ಇಲಿಗೆ ಹಿಂಗಾಲ ಮೇಲೆ ಕುಳಿತು ಪೆಲೆಟ್ ಹಿಡಿಯುವುದು ಕಷ್ಟವಾಗುವುದರಿಂದ ಅದನ್ನು ಬೆಚ್ಚನೆಯ ನೀರಿನಲ್ಲಿ ನೆನೆಸಿ ಅಗಲವಾದ ತಟ್ಟೆಯಲ್ಲಿ ನೆಲಮಟ್ಟಕ್ಕೆ ಇಡಿ, ನೀರಿನ ಬಾಟಲಿಯನ್ನೂ ಕೆಳಗಿಳಿಸಿ. ತೂಕ ಇಳಿಯುತ್ತಿದ್ದರೆ ಉಪ್ಪಿಲ್ಲದ ರಾಗಿ ಗಂಜಿಯಲ್ಲಿ ಪೆಲೆಟ್ ಪುಡಿ ಕಲಸಿ ಚಮಚದಿಂದ ನೆಕ್ಕಿಸಬಹುದು.

ವೈದ್ಯರ ಬಳಿಗೆ ಯಾವಾಗ

ಕಣ್ಣು, ಮೂಗಿನ ಸುತ್ತ ಕೆಂಪು ಕಂಡರೆ ಅದು ಹೆಚ್ಚಾಗಿ ರಕ್ತವಲ್ಲ, ಒತ್ತಡ ಅಥವಾ ಕಾಯಿಲೆಯಲ್ಲಿ ಕಣ್ಣಿನ ಹಿಂದಿನ ಗ್ರಂಥಿಯಿಂದ ಒಸರುವ ಪಾರ್ಫಿರಿನ್ ಎಂಬ ಬಣ್ಣದ ವಸ್ತು. ಇಲಿ ಒಂದು ದಿನ ಊಟ ಬಿಟ್ಟರೆ, ತೂಕ ಹತ್ತನೇ ಒಂದು ಭಾಗದಷ್ಟು ಇಳಿದರೆ, ಉಸಿರಿನಲ್ಲಿ ಸದ್ದು ಬಂದರೆ, ಹಿಕ್ಕೆ ನೀರಾದರೆ, ಮುಂದಿನ ಹಲ್ಲುಗಳು ಒಂದಕ್ಕೊಂದು ಕೂಡದೆ ಉದ್ದವಾದರೆ ಕಾಯಬಾರದು. ತಿನ್ನುತ್ತಿದ್ದಾಗಲೇ ಜೊಲ್ಲು ಸುರಿಸುತ್ತ ಗದ್ದವನ್ನು ಎದೆಗೆ ಎಳೆದುಕೊಳ್ಳತೊಡಗಿದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದರ್ಥ. ಆಹಾರ ನೀರು ಎರಡನ್ನೂ ತೆಗೆದು ಶಾಂತವಾಗಿ ಬಿಡಿ, ನೀರು ಕುಡಿಸಲು ಹೋಗಬೇಡಿ. ಉಸಿರು ಕಟ್ಟುವಂತಾದರೆ ಕೂಡಲೇ ಹೊರಡಬೇಕು.

ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರು ನಮ್ಮ ಭಾಗದಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ಹಾಸನದಲ್ಲಿ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ; ಇಲಿ ಚೆನ್ನಾಗಿರುವಾಗಲೇ ಅಲ್ಲಿಯೂ ಹತ್ತಿರದ ಪಶು ಆಸ್ಪತ್ರೆಯಲ್ಲಿಯೂ ಇಲಿ, ಮೊಲಗಳಿಗೆ ಚಿಕಿತ್ಸೆ ಕೊಡುವವರು ಯಾರೆಂದು ವಿಚಾರಿಸಿಟ್ಟುಕೊಳ್ಳಿ. ಹೋಗುವಾಗ ವಾರವಾರದ ತೂಕದ ಪಟ್ಟಿ, ಕೊಡುತ್ತಿರುವ ಪೆಲೆಟ್‌ನ ಚೀಟಿ ಎರಡನ್ನೂ ಒಯ್ಯಿರಿ. ಗೆಡ್ಡೆ ತೆಗೆಯುವ ಶಸ್ತ್ರಚಿಕಿತ್ಸೆ ಗೊತ್ತಾದರೆ ನಾಯಿ, ಬೆಕ್ಕಿನಂತೆ ಹಿಂದಿನ ರಾತ್ರಿಯಿಂದ ಉಪವಾಸ ಕೆಡವಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಿಕೊಳ್ಳಿ: ಇಲಿಗೆ ವಾಂತಿಯ ಭಯವಿಲ್ಲ, ಆದರೆ ಸಣ್ಣ ದೇಹದ ಸಕ್ಕರೆಯಂಶ ಬೇಗ ಇಳಿಯುತ್ತದೆ, ಆದ್ದರಿಂದ ರಾತ್ರಿಯಿಡೀ ಹಸಿವಿನಲ್ಲಿಡುವುದು ಅದಕ್ಕೆ ಅಪಾಯ. ಆಸ್ಪತ್ರೆಗೆ ಹೋಗುವ ಪೆಟ್ಟಿಗೆಯಲ್ಲಿ ಸೌತೆಕಾಯಿ ತುಂಡು ಮತ್ತು ಅದು ದಿನವೂ ತಿನ್ನುವ ಪೆಲೆಟ್ ಇಟ್ಟಿರಿ, ಅರಿವಳಿಕೆ ಇಳಿದು ಎಚ್ಚರವಾದ ಮೇಲೆ ವೈದ್ಯರು ಒಪ್ಪಿದ ಕೂಡಲೇ ಅದನ್ನೇ ಮೊದಲು ಕೊಡಬಹುದು.